ಮುಟ್ಟು ನಿಲ್ಲುವ ಕಾಲದಲ್ಲಿ ಅಮೆರಿಕದ ವೈದ್ಯರನ್ನು ಕಾಣುವ ಮುನ್ನ

ಮುಟ್ಟು ನಿಲ್ಲುವ ವಯಸ್ಸಿನ ಮಹಿಳೆಯರ ಆರೋಗ್ಯವನ್ನು ವರ್ಷಗಟ್ಟಲೆ ಗಮನಿಸಿದ ಅಮೆರಿಕದ ‘ಸ್ವಾನ್’ ಅಧ್ಯಯನವು 2015ರಲ್ಲಿ ಪ್ರಕಟಿಸಿದ ಲೆಕ್ಕದಂತೆ, ಮೈ ಬಿಸಿಯೇರಿ ಬೆವರುವ ತೊಂದರೆ ಬಿಳಿಯ ಮಹಿಳೆಯರಲ್ಲಿ ಸುಮಾರು 6.5 ವರ್ಷ ಇದ್ದರೆ ಕಪ್ಪು ಮಹಿಳೆಯರಲ್ಲಿ ಸುಮಾರು 10 ವರ್ಷ ಇರುತ್ತದೆ. ಆದರೂ ಈ ತೊಂದರೆ ತಗ್ಗಿಸುವ ಹಾರ್ಮೋನ್ ಚಿಕಿತ್ಸೆ ಕಪ್ಪು ಮಹಿಳೆಯರಿಗೆ ದೊರೆಯುವುದು ಕಡಿಮೆ. ಭಾರತೀಯ ಮೂಲದವರಂತೂ ಆ ಅಧ್ಯಯನದಲ್ಲಿ ಪ್ರತ್ಯೇಕ ಗುಂಪಾಗಿ ಇರಲೇ ಇಲ್ಲ. ಹೀಗಾಗಿ ನಿಮ್ಮ ಅನುಭವದ ಲೆಕ್ಕವನ್ನು ನೀವೇ ಇಟ್ಟುಕೊಂಡು ಹೋಗುವುದು ಒಳ್ಳೆಯದು.

ಭೇಟಿಗೆ ಮೊದಲು ಎರಡು ವಾರ, ಬೆವರಿದ ಹೊತ್ತು, ನಿದ್ದೆಗೆಟ್ಟ ರಾತ್ರಿ, ರಕ್ತಸ್ರಾವದ ದಿನಗಳನ್ನು ಪುಸ್ತಕದಲ್ಲಿ ಬರೆದಿಡಿ. “ಸ್ವಲ್ಪ ಸೆಕೆ” ಎನ್ನುವ ಸಂಕೋಚ ನಮ್ಮಲ್ಲಿ ಹೆಚ್ಚು; ಅದರ ಬದಲು “ರಾತ್ರಿ ಮೂರು ಸಲ ಎದ್ದು ನೈಟಿ ಬದಲಿಸಿದೆ” ಎಂದೇ ಹೇಳಿ. ರಕ್ತ ಹೆಪ್ಪುಗಟ್ಟಿದ್ದು, ಪಾರ್ಶ್ವವಾಯು, ಸ್ತನ ಕ್ಯಾನ್ಸರ್ ಇವುಗಳ ಹಿನ್ನೆಲೆಯನ್ನು ಮುಚ್ಚಿಡಬೇಡಿ, ಏಕೆಂದರೆ ಹಾರ್ಮೋನ್ ಕೊಡಬಹುದೇ ಎಂಬುದು ಅದನ್ನೇ ಅವಲಂಬಿಸಿದೆ.

ಇಂಗ್ಲಿಷ್ ಸಲೀಸಾಗಿ ಬಾರದ ತಾಯಂದಿರಿಗಾಗಿ, ಸಮಯ ಗೊತ್ತುಮಾಡುವಾಗಲೇ ಕನ್ನಡ ದುಭಾಷಿಯನ್ನು ಕೇಳಿ; ಅಮೆರಿಕದ ಕೇಂದ್ರ ಸರ್ಕಾರದ ಹಣ ಪಡೆಯುವ ಆಸ್ಪತ್ರೆಗಳು ಈ ಸೇವೆಯನ್ನು ಉಚಿತವಾಗಿ ಒದಗಿಸಬೇಕು. ಮಗನೇ ದುಭಾಷಿಯಾಗಿ ಕೂತರೆ ಅವನ ಎದುರು ಯಾವ ತಾಯಿ ಯೋನಿಯ ಶುಷ್ಕತೆಯ ಮಾತೆತ್ತುತ್ತಾಳೆ?

ವೈದ್ಯರು ಹಾರ್ಮೋನ್ ಬೇಡವೆಂದರೆ ಕಾರಣವನ್ನು ದಾಖಲೆಯಲ್ಲಿ ಬರೆಯುವಂತೆ ವಿನಂತಿಸಿ, 2023ರಲ್ಲಿ ಅನುಮೋದನೆ ಪಡೆದ ಫೆಜೊಲಿನೆಟಂಟ್‌ನಂತಹ ಹಾರ್ಮೋನ್‌ರಹಿತ ಮಾತ್ರೆಗಳ ಬಗ್ಗೆಯೂ ವಿಚಾರಿಸಿ. ಮುಟ್ಟು ನಿಂತು ವರ್ಷ ಕಳೆದ ಮೇಲೆ ಒಂದು ಹನಿ ರಕ್ತ ಕಂಡರೂ ತಡಮಾಡದೆ ತೋರಿಸಿ. ಗರ್ಭಕೋಶದಲ್ಲಿ ಗಡ್ಡೆಗಳಿದ್ದರೆ ಸ್ಕ್ಯಾನ್ ಒಂದೇ ಸಾಲದಿರಬಹುದು, ಬಯಾಪ್ಸಿ (ಒಳಪದರದ ತುಣುಕು ತೆಗೆದು ಮಾಡುವ ಪರೀಕ್ಷೆ) ಬೇಕೇ ಎಂದು ಕೇಳಿ.