ಶುಗರ್ ರಿಪೋರ್ಟ್ 'ಬಾರ್ಡರ್'ನಲ್ಲಿ ಬಂದಿದೆಯಾ?

ಖಾಲಿ ಹೊಟ್ಟೆಯ ಶುಗರ್ 100ರಿಂದ 125, ಅಥವಾ ಎಚ್‌ಬಿಎ1ಸಿ (ಸುಮಾರು ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತಪರೀಕ್ಷೆ) 5.7ರಿಂದ 6.4 ಬಂದಿದ್ದರೆ "ಇನ್ನೂ ಶುಗರ್ ಬಂದಿಲ್ಲ ಬಿಡಿ" ಅಂತ ರಿಪೋರ್ಟನ್ನು ಬೀರುವಿಗೆ ಸೇರಿಸಬೇಡಿ. ಇದೇ ಪ್ರಿಡಯಾಬಿಟಿಸ್, ಅಂದರೆ ಡಯಾಬಿಟಿಸ್ ಬರುವ ಮುಂಚಿನ ಹಂತ. ಸಾಮಾನ್ಯವಾಗಿ ಲಕ್ಷಣ ಏನೂ ಕಾಣಿಸುವುದಿಲ್ಲ, ಆದರೆ ಹೃದಯದ ತೊಂದರೆಯ ಅಪಾಯ ಈಗಿನಿಂದಲೇ ಜಾಸ್ತಿ.

ಅಕ್ಕಿ ಬಿಟ್ಟು ರಾಗಿ ಹಿಡಿದೆವು, ಇನ್ನೇನು ಭಯ ಅನ್ನುವವರೇ ಹೆಚ್ಚು ಅಲ್ವಾ? ರಾಗಿಯಲ್ಲೂ ಇರುವುದು ಮುಖ್ಯವಾಗಿ ಪಿಷ್ಟವೇ. ನುಣ್ಣಗೆ ಬೀಸಿದ ಹಿಟ್ಟಿನ ಗಂಜಿ ಕುಡಿದರೆ ಶುಗರ್ ಬೇಗ ಏರುತ್ತದೆ. ಅದಕ್ಕೆ ಬೆಲ್ಲ ಹಾಕಿದರೆ ಕೇಳುವುದೇ ಬೇಡ. ಮುದ್ದೆ ಬೇಕೇ ಬೇಕು ಅಂದರೆ ಚಿಕ್ಕದು ಒಂದು ಸಾಕು. ಬಸ್ಸಾರಿನ ಸೊಪ್ಪು-ಕಾಳಿನ ಪಲ್ಯ ಅರ್ಧ ತಟ್ಟೆ ಇರಲಿ, ಮೊದಲು ಅದನ್ನೇ ತಿನ್ನಿ. ಊಟವಾದ ಮೇಲೆ ಹತ್ತು-ಹದಿನೈದು ನಿಮಿಷ ನಡೆಯಿರಿ.

2002ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಅಧ್ಯಯನವೊಂದರಲ್ಲಿ ತೂಕ ಶೇ 7ರಷ್ಟು ಇಳಿಸುವ, ವಾರಕ್ಕೆ 150 ನಿಮಿಷ ವ್ಯಾಯಾಮದ ಗುರಿ ಹಿಡಿದವರಲ್ಲಿ ಡಯಾಬಿಟಿಸ್ ಬರುವುದು, ಹಾಗೆ ಮಾಡದವರಿಗಿಂತ ಶೇ 58ರಷ್ಟು ಕಡಿಮೆಯಾಗಿತ್ತು. 80 ಕೆಜಿ ಇದ್ದವರಿಗೆ ಶೇ 7 ಅಂದರೆ ಬರೀ 5-6 ಕೆಜಿ.

ರಕ್ತಹೀನತೆ ಇದ್ದರೆ ಎಚ್‌ಬಿಎ1ಸಿ ತಪ್ಪು ತೋರಿಸಬಹುದು, ಡಾಕ್ಟರಿಗೆ ಮೊದಲೇ ಹೇಳಿ. ವರ್ಷಕ್ಕೊಮ್ಮೆಯಾದರೂ ಮತ್ತೆ ಟೆಸ್ಟ್ ಮಾಡಿಸಿ.