ಪ್ರೊಸೆಸರ್ 64 ಬಿಟ್, ಆದರೂ ಪ್ರೋಗ್ರಾಂ ಓಡಲಿಲ್ಲ

ಲಿನಕ್ಸ್ ಓಡುವ ಚಿಕ್ಕ ಆರ್ಮ್ ಬೋರ್ಡ್ (ಆರ್ಮ್ ಪ್ರೊಸೆಸರ್ ಇರುವ ಪುಟ್ಟ ಕಂಪ್ಯೂಟರ್) ಮೇಲೆ 64 ಬಿಟ್ ಪ್ರೋಗ್ರಾಂ ಒಂದನ್ನು ಇಳಿಸಿ ಓಡಿಸಿದರೆ 'ಅಂಥ ಫೈಲ್ ಇಲ್ಲ' ಎಂಬ ಎರರ್. ಫೈಲ್ ಕಣ್ಣೆದುರಿಗೇ ಇದೆ, ಓಡಿಸುವ ಅನುಮತಿಯೂ ಇದೆ! 'ಯುನೇಮ್ -ಎಂ' ಕಮಾಂಡ್ ಕೊಟ್ಟರೆ ಎಆರ್ಚ್64 (ಅಂದರೆ 64 ಬಿಟ್ ಆರ್ಮ್) ಎನ್ನುತ್ತದೆ, 'ಎಲ್‌ಎಸ್‌ಸಿಪಿಯು' ಕೂಡ ಅದನ್ನೇ ಹೇಳಿ, ಜೊತೆಗೆ ಕೋರ್ ಎಷ್ಟು, ಮಾಡೆಲ್ ಯಾವುದು, 32 ಮತ್ತು 64 ಎರಡೂ ನಡೆಯುತ್ತದೆ ಅಂತೆಲ್ಲ ಸಾಲಾಗಿ ತೋರಿಸುತ್ತದೆ.

ಇಲ್ಲೇ ಇರುವುದು ಮಜಾ. ಇವೆರಡೂ ಹೇಳುವುದು ಪ್ರೊಸೆಸರ್ ಮತ್ತು ಕರ್ನಲ್ (ಆಪರೇಟಿಂಗ್ ಸಿಸ್ಟಂನ ತಿರುಳು) ಬಗ್ಗೆ ಅಷ್ಟೇ. ಮೇಲೆ ಇನ್‌ಸ್ಟಾಲ್ ಆಗಿರುವ ಸಿಸ್ಟಂ ಎಷ್ಟು ಬಿಟ್ ಅನ್ನೋದು ಬೇರೆ ವಿಷಯ. ಅದಕ್ಕೆ 'ಗೆಟ್‌ಕಾನ್ಫ್ ಲಾಂಗ್_ಬಿಟ್' ಕೊಟ್ಟೆ. ಬಂದ ಉತ್ತರ 32. ಡೆಬಿಯನ್ ಬಳಗದ ಸಿಸ್ಟಂ ಆದ್ದರಿಂದ 'ಡಿಪಿಕೆಜಿ --ಪ್ರಿಂಟ್-ಆರ್ಕಿಟೆಕ್ಚರ್' ಕೂಡ ನೋಡಿದೆ, ಆರ್ಮ್‌ಎಚ್‌ಎಫ್ (32 ಬಿಟ್ ಆರ್ಮ್) ಅಂತು.

ಅಂದರೆ ಕರ್ನಲ್ 64, ಉಳಿದ ಲೈಬ್ರರಿಗಳೆಲ್ಲ 32. ಸಿಗದೇ ಇದ್ದದ್ದು ನನ್ನ ಫೈಲ್ ಅಲ್ಲ, ಅದನ್ನು ಮೆಮೊರಿಗೆ ಏರಿಸಬೇಕಾದ 64 ಬಿಟ್ ಲೋಡರ್. ಎರರ್ ಅದನ್ನು ನೆಟ್ಟಗೆ ಹೇಳಬಾರದಾ?

ಆರ್ಮ್‌ಎಚ್‌ಎಫ್ ಪ್ಯಾಕೇಜ್ ಹಾಕಿದೆ, ಓಡಿತು. 4 ಜಿಬಿಗಿಂತ ಜಾಸ್ತಿ ಮೆಮೊರಿ ಒಂದೇ ಪ್ರೋಗ್ರಾಂಗೆ ಬೇಕಿದ್ದರೆ ಆ ಪ್ರೋಗ್ರಾಂ 64 ಬಿಟ್ ಆಗಿರಲೇಬೇಕಾಗುತ್ತದೆ, ನನಗೆ ಸದ್ಯಕ್ಕೆ ಅದು ಬೇಡ.