ಹಳೆಯ ಜಿಪ್ಸಿಗೆ ಎ.ಸಿ. ಅಳವಡಿಸುವುದು ಹೇಗೆ?

ಮಾರುತಿ ಜಿಪ್ಸಿ 1985ರಲ್ಲಿ ರಸ್ತೆಗಿಳಿದಾಗ ಅದರಲ್ಲಿ ಎ.ಸಿ. ಇರಲಿಲ್ಲ, ಮಲೆನಾಡಿನ ತೋಟಗಳಲ್ಲಿ, ಕಾಡಿನ ದಾರಿಗಳಲ್ಲಿ ಓಡಾಡುತ್ತಿದ್ದ ಗಾಡಿಗೆ ಅದು ಬೇಕೆಂದು ಯಾರಿಗೂ ಅಷ್ಟಾಗಿ ಅನಿಸಿರಲೂ ಇಲ್ಲ. ಈಗ ಅದೇ ಗಾಡಿಗಳನ್ನು ಬೆಂಗಳೂರಿನ ದಟ್ಟಣೆಯಲ್ಲೋ ರಾಯಚೂರಿನ ಮೇ ತಿಂಗಳ ಬಿಸಿಲಿನಲ್ಲೋ ಓಡಿಸುವವರು ಎ.ಸಿ. ಹಾಕಿಸಲು ಮುಂದಾಗುತ್ತಿದ್ದಾರೆ. ಹೀಗೆ ಹಾಕಿಸಿದ ಎಷ್ಟೋ ಎ.ಸಿ.ಗಳು ಮೊದಲ ಬೇಸಿಗೆ ಮುಗಿಯುವುದರೊಳಗೆ ತಣ್ಣಗಾಗಿಸುವುದನ್ನು ನಿಲ್ಲಿಸುತ್ತವೆ. ಬಹುಪಾಲು ಸಂದರ್ಭಗಳಲ್ಲಿ ದೋಷ ಬಿಡಿಭಾಗಗಳದ್ದಲ್ಲ. ತಂಪುಮಾಡುವ ಗ್ಯಾಸ್ ತುಂಬುವ ಮುನ್ನ ಪೈಪುಗಳೊಳಗಿನ ಗಾಳಿ ಮತ್ತು ತೇವವನ್ನು ಹೊರತೆಗೆಯುವ ಕೆಲಸವನ್ನು ಹತ್ತೇ ನಿಮಿಷದಲ್ಲಿ ಮುಗಿಸುವ ಅವಸರದ್ದು.

ಕೈ ಹಾಕುವ ಮೊದಲು ಎಂಜಿನ್ ಯಾವುದೆಂದು ನೋಡಿಕೊಳ್ಳಬೇಕು. 970 ಸಿ.ಸಿ.ಯ ಹಳೆಯ ಕಾರ್ಬ್ಯುರೇಟರ್ ಎಂಜಿನ್ನಿಗೆ ಎ.ಸಿ. ಹೊರೆಯೇ ಸರಿ; ಅಂಥ ಗಾಡಿಗೆ ನಾನು ಶಿಫಾರಸು ಮಾಡುವುದಿಲ್ಲ. 1298 ಸಿ.ಸಿ.ಯ ಜಿಪ್ಸಿ ಕಿಂಗ್, ಅದರಲ್ಲೂ 2000ದ ನಂತರದ ಎಂ.ಪಿ.ಎಫ್.ಐ. (ಕಾರ್ಬ್ಯುರೇಟರ್ ಬದಲು ಇಂಜೆಕ್ಟರುಗಳಿಂದ ಇಂಧನ ಸಿಂಪಡಿಸುವ) ಮಾದರಿ, ಈ ಭಾರವನ್ನು ತಡೆದುಕೊಳ್ಳುತ್ತದೆ. ಬಟ್ಟೆಯ ಹೊದಿಕೆ ಇರುವವರು ಮೊದಲು ಹಾರ್ಡ್‌ಟಾಪ್ ಹಾಕಿಸಲಿ, ಬಾಗಿಲುಗಳ ರಬ್ಬರ್ ಬೀಡಿಂಗ್ ಬದಲಾಯಿಸಲಿ, ಎಂಜಿನ್ ಕಡೆಯ ಗೋಡೆಯಲ್ಲಿ ಹಳೆಯ ತಂತಿಗಳು ಹಾದುಹೋದ ತೂತುಗಳನ್ನು ಮುಚ್ಚಲಿ. ಇಷ್ಟು ಮಾಡದೆ ಎ.ಸಿ. ಹಾಕಿಸಿದರೆ ಬೀದಿಯನ್ನು ತಂಪುಮಾಡಿದಂತಾಗುತ್ತದೆ.

ರೇಡಿಯೇಟರ್ ಅನ್ನು ಬಿಚ್ಚಿ ಒಳಗಿನಿಂದ ಸ್ವಚ್ಛಗೊಳಿಸಬೇಕು. ಅದರ ಮುಂದೆ ಗ್ಯಾಸಿನ ಶಾಖವನ್ನು ಹೊರಬಿಡುವ ಕಂಡೆನ್ಸರ್ ಬಂದು ನಿಂತ ಮೇಲೆ ಬಿಸಿಗಾಳಿಯೇ ರೇಡಿಯೇಟರಿಗೆ ಸಿಗುವುದರಿಂದ ಅರ್ಧ ಕಟ್ಟಿಕೊಂಡ ರೇಡಿಯೇಟರ್ ಮೊದಲ ಘಟ್ಟದ ಏರಿನಲ್ಲೇ ಎಂಜಿನ್ನನ್ನು ಕುದಿಸುತ್ತದೆ. ಕಂಡೆನ್ಸರ್ ಕೊಳ್ಳುವಾಗ ಹಾವಿನಂತೆ ಸುತ್ತಿದ ಒಂದೇ ಕೊಳವೆಯ ಹಳೆಯ ಬಗೆಯನ್ನು ಬಿಟ್ಟು, ಸಮಾನಾಂತರ ಕೊಳವೆಗಳ ಪ್ಯಾರಲಲ್ ಫ್ಲೋ ಬಗೆಯನ್ನೇ ಕೇಳಬೇಕು. ಅದಕ್ಕೆ ಪ್ರತ್ಯೇಕ ವಿದ್ಯುತ್ ಫ್ಯಾನ್ ಕಡ್ಡಾಯ. ಲೋ ಗೇರಿನಲ್ಲಿ ಏರು ಹತ್ತುವಾಗ ಎದುರುಗಾಳಿ ಇರುವುದಿಲ್ಲ. ಫ್ಯಾನನ್ನು ಕಂಡೆನ್ಸರಿನ ರೆಕ್ಕೆಗಳ ನಡುವೆ ಪ್ಲಾಸ್ಟಿಕ್ ಟೈ ತೂರಿಸಿ ಕಟ್ಟುವವರಿದ್ದಾರೆ. ಗಾಡಿ ಅಲುಗಾಡಿದಂತೆಲ್ಲ ಆ ಟೈ ಕೊಳವೆಯನ್ನು ಉಜ್ಜಿ ತೂತು ಮಾಡುತ್ತದೆ. ಲೋಹದ ಪಟ್ಟಿಗಳನ್ನು ಚೌಕಟ್ಟಿಗೇ ಬಿಗಿಯಬೇಕು.

ಎಂಜಿನ್ನಿನ ಬೆಲ್ಟಿನಿಂದ ತಿರುಗಿ ಗ್ಯಾಸನ್ನು ಒತ್ತಿ ಹರಿಸುವ ಕಂಪ್ರೆಸರನ್ನು ಕೂರಿಸುವ ಬ್ರ್ಯಾಕೆಟ್ ವಿಷಯದಲ್ಲಿ ಜಿಪ್ಸಿ ಮಾಲೀಕರಿಗೆ ಒಂದು ಅನುಕೂಲವಿದೆ. ಕಿಂಗ್‌ನಲ್ಲಿರುವ ಜಿ13 ಕುಟುಂಬದ ಎಂಜಿನ್ ಮಾರುತಿ ಎಸ್ಟೀಮ್‌ನಲ್ಲೂ ಇತ್ತು, ಮತ್ತು ಎಸ್ಟೀಮ್‌ಗೆ ಎ.ಸಿ. ಇತ್ತು. ಹಾಗಾಗಿ ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲೋ ಜೆ.ಸಿ. ರಸ್ತೆಯ ಅಂಗಡಿಗಳಲ್ಲೋ ಎಸ್ಟೀಮ್‌ನ ಬ್ರ್ಯಾಕೆಟ್ ಮತ್ತು ಪುಲ್ಲಿಗಳಿಂದಲೇ ಹುಡುಕಾಟ ಆರಂಭಿಸುವುದು ಒಳ್ಳೆಯದು. ಆದರೆ ಎಸ್ಟೀಮ್‌ನಲ್ಲಿ ಎಂಜಿನ್ ಅಡ್ಡಕ್ಕಿದೆ, ಜಿಪ್ಸಿಯಲ್ಲಿ ಉದ್ದಕ್ಕಿದೆ. ಆದ್ದರಿಂದ ಹಣ ಕೊಡುವ ಮೊದಲು ಕಂಪ್ರೆಸರ್ ಚಾಸಿಗೆ ಅಥವಾ ಸ್ಟಿಯರಿಂಗ್ ಭಾಗಗಳಿಗೆ ತಾಗುವುದೇ ಎಂದು ಅಳೆದು ನೋಡಬೇಕು. ಎರಡು ಪುಲ್ಲಿಗಳ ಮುಖಕ್ಕೆ ನೇರವಾದ ಕಬ್ಬಿಣದ ಪಟ್ಟಿ ಹಿಡಿದಾಗ ಬೆಳಕು ನುಸುಳಬಾರದು. ತೆಳು ತಗಡನ್ನು ಬೆಸುಗೆ ಹಾಕಿ ಮಾಡಿಕೊಡುವ ಬ್ರ್ಯಾಕೆಟ್ ಬೇಡ. ಕಲ್ಲುದಾರಿಯ ಕುಲುಕಾಟಕ್ಕೆ ಅದು ಬಿರುಕು ಬಿಡುತ್ತದೆ.

ಕೂಲಿಂಗ್ ಕಾಯಿಲ್ ಇರುವ ಪೆಟ್ಟಿಗೆಯನ್ನು ಡ್ಯಾಶ್‌ಬೋರ್ಡಿನ ಕೆಳಗೆ ಬಿಗಿದು, ನೀರು ಹೊರಹೋಗುವ ಕೊಳವೆಗೆ ಇಳಿಜಾರು ಕೊಟ್ಟರೆ ಆ ಹಂತ ಮುಗಿಯಿತು.

ಪೈಪುಗಳಿಗೆ, ಈ ಎ.ಸಿ.ಗೆ ತುಂಬುವ ಆರ್134ಎ ಎಂಬ ಗ್ಯಾಸಿಗೆಂದೇ ತಯಾರಾದ, ಒಳಪದರವುಳ್ಳ ಬ್ಯಾರಿಯರ್ ಹೋಸ್ ಮಾತ್ರ ಬಳಸಬೇಕು. ಸಾಮಾನ್ಯ ರಬ್ಬರ್ ಹೋಸಿನ ಮೂಲಕ ಗ್ಯಾಸ್ ನಿಧಾನವಾಗಿ ಸೋರಿಹೋಗುತ್ತದೆ. ತುದಿಗಳನ್ನು ಯಂತ್ರದಲ್ಲಿಯೇ ಒತ್ತಿ ಕ್ರಿಂಪ್ ಮಾಡಿಸಬೇಕು, ಕ್ಲಿಪ್ ಹಾಕಿ ಬಿಗಿಯುವುದು ಕೆಲಸಕ್ಕೆ ಬಾರದು. ಕಂಪ್ರೆಸರ್ ಎಂಜಿನ್ನಿನೊಂದಿಗೆ ಅಲುಗಾಡುತ್ತದೆ, ಕಂಡೆನ್ಸರ್ ಬಾಡಿಯೊಂದಿಗೆ ನಿಂತಿರುತ್ತದೆ. ಆದ್ದರಿಂದ ಅವೆರಡರ ನಡುವಿನ ಹೋಸಿಗೆ ಸಾಕಷ್ಟು ಸಡಿಲ ಬಿಟ್ಟು ಸೈಲೆನ್ಸರ್ ಪೈಪಿನಿಂದ ದೂರ ಒಯ್ಯಬೇಕು. ಓ-ರಿಂಗುಗಳು ಹೊಸವಾಗಿರಬೇಕು, ಪ್ರತಿಯೊಂದಕ್ಕೂ ಕಂಪ್ರೆಸರ್ ಎಣ್ಣೆ ಸವರಿಯೇ ಕೂರಿಸಬೇಕು. ತೇವ ಹೀರುವ ಡ್ರೈಯರನ್ನು ಎಲ್ಲಕ್ಕಿಂತ ಕೊನೆಗೆ, ಅದರ ಮುಚ್ಚಳ ತೆಗೆದ ಕೂಡಲೇ ಜೋಡಿಸಬೇಕು. ಗುಜರಿಯಿಂದ ಕಂಪ್ರೆಸರ್ ತರಬಹುದು, ಡ್ರೈಯರ್ ತರುವಂತಿಲ್ಲ. ಅದು ಬಯಲಿನಲ್ಲಿ ಬಿದ್ದಿದ್ದಷ್ಟು ದಿನವೂ ಗಾಳಿಯ ತೇವವನ್ನು ಹೀರಿಕೊಂಡಿರುತ್ತದೆ.

ಎಲ್ಲರೂ ಎಡವುವ ಹಂತ ಇನ್ನು ಮುಂದಿನದು. ಮೊದಲು ಒಣ ನೈಟ್ರೋಜನ್ನನ್ನು ಸುಮಾರು 150 ಪಿ.ಎಸ್.ಐ. ಒತ್ತಡಕ್ಕೆ ತುಂಬಿ, ಪ್ರತಿಯೊಂದು ಜೋಡಣೆಗೂ ಸಾಬೂನಿನ ನೊರೆ ಹಚ್ಚಿ, ಗೇಜಿನ ಮುಳ್ಳು ಒಂದು ಗಂಟೆ ಕದಲದೆ ನಿಲ್ಲುವುದನ್ನು ಖಚಿತಪಡಿಸಿಕೊಳ್ಳಬೇಕು. ಪಂಕ್ಚರ್ ಅಂಗಡಿಯ ಗಾಳಿ ತುಂಬಿ ಪರೀಕ್ಷಿಸುವ ರೂಢಿ ಹಲವು ಕಡೆ ಇದೆ. ಆ ಗಾಳಿಯಲ್ಲಿರುವ ನೀರನ್ನೇ ಆಮೇಲೆ ಹೊರತೆಗೆಯಬೇಕಾಗುತ್ತದೆ. ಆಮ್ಲಜನಕವನ್ನಂತೂ ಯಾವ ಕಾರಣಕ್ಕೂ ಬಳಸಬಾರದು, ಎಣ್ಣೆಯೊಂದಿಗೆ ಸೇರಿ ಅದು ಸ್ಫೋಟಿಸಬಲ್ಲದು.

ನಂತರ ವ್ಯಾಕ್ಯೂಮ್ ಪಂಪ್. ಹಳೆಯ ಫ್ರಿಜ್ಜಿನ ಕಂಪ್ರೆಸರನ್ನೇ ಪಂಪಿನಂತೆ ಬಳಸುವ ಅಡ್ಡದಾರಿ ನಮ್ಮಲ್ಲಿ ಜನಪ್ರಿಯ. ಅದು ಗಾಳಿಯನ್ನು ಎಳೆಯುತ್ತದೆ, ನಿಜ. ಆದರೆ ಒಳಗಿನ ನೀರು ಆವಿಯಾಗುವಷ್ಟು ಆಳಕ್ಕೆ ಒತ್ತಡವನ್ನು ಇಳಿಸುತ್ತದೆ ಎಂದು ನಂಬುವಂತಿಲ್ಲ. 30 ಡಿಗ್ರಿ ಸೆಲ್ಸಿಯಸ್‌ನಲ್ಲಿ ನೀರು ಕುದಿಯಬೇಕಾದರೆ ಒತ್ತಡ ಸುಮಾರು 32 ಮಿಲಿಮೀಟರ್ ಪಾದರಸಕ್ಕೆ ಇಳಿಯಬೇಕು, 20 ಡಿಗ್ರಿಯಲ್ಲಾದರೆ ಸುಮಾರು 17ಕ್ಕೆ. ಆದ್ದರಿಂದಲೇ ಮಡಿಕೇರಿಯ ಜಡಿಮಳೆಯಲ್ಲಿ ಈ ಕೆಲಸ ಮಾಡಬಾರದು. ಅನಿವಾರ್ಯವಾದರೆ ಎಂಜಿನ್ನನ್ನು ಸ್ವಲ್ಪ ಹೊತ್ತು ಓಡಿಸಿ, ಬಾನೆಟ್ಟಿನ ಒಳಗೆಲ್ಲ ಬೆಚ್ಚಗಾದ ಮೇಲೆ ಪಂಪ್ ಚಾಲೂ ಮಾಡಬೇಕು. ಎರಡು ಹಂತದ ಒಳ್ಳೆಯ ಪಂಪನ್ನು ಕನಿಷ್ಠ 45 ನಿಮಿಷ ಓಡಿಸುವುದು ನನ್ನ ನಿಯಮ. ಮಳೆಗಾಲದಲ್ಲಿ ಅದರ ಎರಡರಷ್ಟು.

ಗೇಜ್ ಓದುವುದರಲ್ಲೂ ಒಂದು ಸೂಕ್ಷ್ಮವಿದೆ. ಅದು ತೋರಿಸುವುದು ಒಳಗೆ ಉಳಿದ ಒತ್ತಡವನ್ನಲ್ಲ, ಒಳಗಿನ ಒತ್ತಡ ಹೊರಗಿನ ವಾತಾವರಣದ್ದಕ್ಕಿಂತ ಎಷ್ಟು ಕೆಳಗಿಳಿದಿದೆ ಎಂಬುದನ್ನು. ಕೈಪಿಡಿಗಳು 29 ಇಂಚು ಪಾದರಸ ಬರಬೇಕೆಂದು ಹೇಳುತ್ತವೆ. ಅದು ಮಂಗಳೂರಿನಂಥ ಕಡಲತೀರಕ್ಕೆ ಸರಿ. ಸಮುದ್ರಮಟ್ಟದಿಂದ 900 ಮೀಟರ್‌ಗೂ ಎತ್ತರದಲ್ಲಿರುವ ಬೆಂಗಳೂರಿನಲ್ಲಿ ವಾತಾವರಣದ ಒತ್ತಡವೇ ಸುಮಾರು 27 ಇಂಚಿರುವುದರಿಂದ ಎಷ್ಟು ಒಳ್ಳೆಯ ಪಂಪಾದರೂ ಮುಳ್ಳು ಅದನ್ನು ಮೀರಿ ಹೋಗದು. ಮಡಿಕೇರಿಯಲ್ಲಿ ಅದು 26ರ ಆಸುಪಾಸಿನಲ್ಲೇ ನಿಲ್ಲುತ್ತದೆ. ಇದು ತಿಳಿಯದೆ, ಇಲ್ಲದ ಸೋರಿಕೆಯನ್ನು ಹುಡುಕುತ್ತಾ ಸರಿಯಾಗಿದ್ದ ಜೋಡಣೆಗಳನ್ನೆಲ್ಲ ಬಿಚ್ಚಿ ಹಾಕುವವರಿದ್ದಾರೆ.

ಮೊದಲು ಗೇಜಿನ ಕವಾಟಗಳನ್ನು ಮುಚ್ಚಿ, ಆಮೇಲೆ ಪಂಪ್ ನಿಲ್ಲಿಸಿ ಅರ್ಧ ಗಂಟೆ ಕಾಯಬೇಕು. ಮುಳ್ಳು ತುಸು ಹಿಂದೆ ಸರಿದು ಅಲ್ಲಿಯೇ ನಿಂತರೆ ಒಳಗೆ ಇನ್ನೂ ತೇವ ಉಳಿದಿದೆ ಎಂದರ್ಥ, ಪಂಪನ್ನು ಮತ್ತೆ ಓಡಿಸಬೇಕು. ನಿಲ್ಲದೆ ಸರಿಯುತ್ತಲೇ ಹೋದರೆ ಅದು ಸೋರಿಕೆ. ಉಳಿದ ತೇವ, ಗ್ಯಾಸಿನ ಒತ್ತಡ ಇಳಿಸಿ ಕೂಲಿಂಗ್ ಕಾಯಿಲಿಗೆ ಬಿಡುವ ಎಕ್ಸ್‌ಪ್ಯಾನ್ಷನ್ ವಾಲ್ವ್‌ನ ಸಣ್ಣ ರಂಧ್ರದಲ್ಲಿ ಮಂಜುಗಟ್ಟಿ ದಾರಿ ಮುಚ್ಚುತ್ತದೆ. ಹತ್ತು ನಿಮಿಷ ತಣ್ಣಗೆ, ಆಮೇಲೆ ಬಿಸಿಗಾಳಿ, ನಿಲ್ಲಿಸಿ ಮತ್ತೆ ಹಾಕಿದರೆ ಪುನಃ ತಣ್ಣಗೆ ಎಂಬ ದೂರು ಬಂದರೆ ನನ್ನ ಮೊದಲ ಅನುಮಾನ ಇದರ ಮೇಲೆಯೇ.

ಗ್ಯಾಸನ್ನು ತೂಕ ಮಾಡಿ, ಎಂಜಿನ್ ಓಡುತ್ತಿರುವಾಗ ಕಡಿಮೆ ಒತ್ತಡದ ಕಡೆಯಿಂದ ಮಾತ್ರ, ಡಬ್ಬಿಯನ್ನು ನೆಟ್ಟಗೆ ಹಿಡಿದು ತುಂಬಬೇಕು. ಡಬ್ಬಿ ಮಗುಚಿದರೆ ದ್ರವವೇ ಕಂಪ್ರೆಸರಿಗೆ ನುಗ್ಗಿ ವಾಲ್ವ್ ಮುರಿಯುತ್ತದೆ. ಹೆಚ್ಚು ಒತ್ತಡದ ಕವಾಟ ತೆರೆದರೆ ಡಬ್ಬಿಯೇ ಸಿಡಿಯಬಹುದು. ಹೆಸರಿಲ್ಲದ ಅಗ್ಗದ ಡಬ್ಬಿಗಳಿಂದ ದೂರವಿರಬೇಕು. ನಕಲಿ ಆರ್134ಎಯಲ್ಲಿ ಬೆರೆಸುವ ಮೀಥೈಲ್ ಕ್ಲೋರೈಡ್ ಅಲ್ಯೂಮಿನಿಯಂನೊಂದಿಗೆ ವರ್ತಿಸುತ್ತದೆ; 2011ರಲ್ಲಿ ಹಡಗಿನ ಶೈತ್ಯ ಕಂಟೇನರುಗಳು ಸ್ಫೋಟಿಸಿದ್ದು ಇಂಥ ಕಲಬೆರಕೆಯಿಂದಲೇ. ಸೋರಿಕೆ ಮುಚ್ಚುವುದಾಗಿ ಹೇಳಿ ಮಾರುವ ದ್ರಾವಣಗಳೂ ಬೇಡ. ಅವು ಸೋರುವ ಕಡೆಗಿಂತ ಮೊದಲು ವಾಲ್ವನ್ನೂ ಗೇಜನ್ನೂ ಮುಚ್ಚುತ್ತವೆ.

ಒಳಗೆ ಗಾಳಿ ಬೀಸುವ ಬ್ಲೋವರ್, ಕಂಪ್ರೆಸರಿನ ಕ್ಲಚ್ ಮತ್ತು ಕಂಡೆನ್ಸರಿನ ಫ್ಯಾನ್ ಮೂರಕ್ಕೂ ಪ್ರತ್ಯೇಕ ಫ್ಯೂಸ್ ಮತ್ತು ರಿಲೇ ಬೇಕು. ಒತ್ತಡದ ಸ್ವಿಚ್ಚನ್ನು ಖರ್ಚು ಉಳಿಸಲೆಂದು ಬಿಡಬಾರದು, ಗ್ಯಾಸ್ ಖಾಲಿಯಾದಾಗ ಕಂಪ್ರೆಸರನ್ನು ಉಳಿಸುವುದು ಅದೊಂದೇ. 1500 ಆರ್.ಪಿ.ಎಂ.ನಲ್ಲಿ ಕಡಿಮೆ ಒತ್ತಡದ ಕಡೆಯ ಗೇಜ್ 25ರಿಂದ 40 ಪಿ.ಎಸ್.ಐ. ನಡುವೆ ನಿಂತು, ಹೊರಗೆ 30 ಡಿಗ್ರಿ ಇರುವಾಗ ಒಳಗೆ ಬೀಸುವ ಗಾಳಿ 10 ಡಿಗ್ರಿಗಿಂತ ಕೆಳಗಿಳಿದರೆ ಕೆಲಸ ಸರಿಯಾಗಿದೆ. ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಬ್ರ್ಯಾಕೆಟ್ಟಿನ ಬೋಲ್ಟುಗಳನ್ನೂ ಬೆಲ್ಟನ್ನೂ ಮತ್ತೊಮ್ಮೆ ಬಿಗಿಸಬೇಕು. ಮಳೆಗಾಲದಲ್ಲೂ ವಾರಕ್ಕೊಮ್ಮೆ ಹತ್ತು ನಿಮಿಷ ಎ.ಸಿ. ಚಾಲೂ ಮಾಡುತ್ತಿದ್ದರೆ ಕಂಪ್ರೆಸರಿನ ಸೀಲ್ ಎಣ್ಣೆಯಿಲ್ಲದೆ ಒಣಗುವುದಿಲ್ಲ.